ಗೋಧಿಯ ಮೊಳಕೆಗಣ್ಣು ಮತ್ತು ನಮ್ಮ ನಿತ್ಯದ ಊಟ

(ಕೀಲ್ಪಾಕಿನ ನಮ್ಮ ಉಚಿತ ವಾಚನಾಲಯದಲ್ಲಿ ಭಾನುವಾರ ಸಂಜೆ ಮಾಡಿದ ಭಾಷಣದ ಬರಹರೂಪ)



ಈ ದಿನದ ಮಾತಿಗೆ ಕಾರ್ಯದರ್ಶಿಗಳು ಹಲಗೆಯ ಮೇಲೆ ಬರೆದಿರುವ ಹೆಸರು ‘ವೀಟ್ ಜರ್ಮ್’ ಎಂಬುದು. ಅದನ್ನು ಓದಿದ ಮಿತ್ರರೊಬ್ಬರು ಬಾಗಿಲಲ್ಲೇ ನನ್ನನ್ನು ತಡೆದು, “ಜರ್ಮ್ ಎಂದರೆ ರೋಗದ ಕ್ರಿಮಿಯಲ್ಲವೆ ಸ್ವಾಮಿ, ಅದನ್ನು ಊಟಕ್ಕೆ ಸೇರಿಸುವುದೆಂದರೇನು?” ಎಂದು ಕೇಳಿದರು. ಪ್ರಶ್ನೆ ನ್ಯಾಯವಾದುದೇ. ಆ ಇಂಗ್ಲಿಷ್ ಮಾತಿಗೆ ಕ್ರಿಮಿ ಎಂಬ ಅರ್ಥ ಆಮೇಲೆ ಅಂಟಿಕೊಂಡುದು. ಮೊದಲಿನ ಅರ್ಥ ಅಂಕುರ ಎಂದು. ಕಬ್ಬಿನ ಗಣ್ಣಿಗೆ ಕಣ್ಣುಂಟು, ಆಲೂಗಡ್ಡೆಗೆ ಕಣ್ಣುಂಟು, ಮೊಳಕೆ ಅಲ್ಲಿಂದ ಹೊರಡುತ್ತದೆ. ಗೋಧಿಯ ಕಾಳಿಗೂ ಹಾಗೆಯೇ ಒಂದು ತುದಿಯಲ್ಲಿ ಕಣ್ಣುಂಟು. ನಾನು ಅದನ್ನು ಮೊಳಕೆಗಣ್ಣು ಎಂದು ಕರೆಯುತ್ತೇನೆ. ನೆನೆಹಾಕಿ ಮೊಳಕೆ ಬರಿಸಿದ ಕಾಳು ಬೇರೆ, ಈ ಕಣ್ಣು ಬೇರೆ. ಎರಡನ್ನೂ ಒಂದೆಂದು ತಿಳಿಯಬಾರದು.

ನಾನು ವೈದ್ಯನಲ್ಲ. ಹಿಟ್ಟಿನ ಗಿರಣಿಯೊಂದರ ಪರೀಕ್ಷಾಶಾಲೆಯಲ್ಲಿ ಬಹು ವರ್ಷ ದುಡಿದವನು. ಗೋಧಿಯಿಂದ ಏನನ್ನು ತೆಗೆಯುತ್ತಾರೆ, ಏಕೆ ತೆಗೆಯುತ್ತಾರೆ, ತೆಗೆದುದು ಎಲ್ಲಿಗೆ ಹೋಗುತ್ತದೆ ಎಂಬುದನ್ನು ದಿನಾ ಕಣ್ಣಾರೆ ಕಂಡವನು. ಆದುದರಿಂದ ಅಲ್ಲಿಂದಲೇ ಆರಂಭಿಸುತ್ತೇನೆ.

ಒಂದು ಗೋಧಿಯ ಕಾಳನ್ನು ಉದ್ದಕ್ಕೆ ಸೀಳಿ ನೋಡಿದರೆ ಮೂರು ಭಾಗ ಕಾಣುತ್ತದೆ. ಹೊರಗೆ ಹೊಟ್ಟು. ಒಳಗೆ ಬಿಳಿಯ ಪಿಷ್ಟದ ರಾಶಿ. ಕಾಳಿನ ತೂಕದಲ್ಲಿ ನೂರಕ್ಕೆ ಎಂಬತ್ತಕ್ಕಿಂತ ಹೆಚ್ಚು ಅದೇ. ತುದಿಯಲ್ಲಿ ಹಳದಿಯ ಒಂದು ಚುಕ್ಕೆ, ಅದೇ ಮೊಳಕೆಗಣ್ಣು. ತೂಕದಲ್ಲಿ ನೂರಕ್ಕೆ ಎರಡೂವರೆಯಿಂದ ಮೂರು ಪಾಲು ಮಾತ್ರ. ಒಂದು ಕಿಲೋ ಗೋಧಿಯಲ್ಲಿ ಇಪ್ಪತ್ತೈದು, ಮೂವತ್ತು ಗ್ರಾಂ ಇದ್ದೀತು. ಬಿಳಿಯ ಭಾಗ ಎಳೆಯ ಸಸಿಗೆ ತಾಯಿ ಕಟ್ಟಿಕೊಟ್ಟ ಬುತ್ತಿ. ಸಸಿಯಾಗತಕ್ಕ ಜೀವ ಇರುವುದು ಆ ಚುಕ್ಕೆಯಲ್ಲಿ. ಆದಕಾರಣ ಜಿಡ್ಡು, ಸಸಾರಜನಕ, ಜೀವಸತ್ವ ಎಲ್ಲವೂ ಅಲ್ಲಿ ಒತ್ತಾಗಿ ತುಂಬಿದೆ. ನೂರು ಗ್ರಾಂ ಮೊಳಕೆಗಣ್ಣಿನಲ್ಲಿ ಸಸಾರಜನಕ ಸುಮಾರು 23 ಗ್ರಾಂ, ಜಿಡ್ಡು ಸುಮಾರು 10 ಗ್ರಾಂ. ಬಿ-1 ಎಂಬ ಜೀವಸತ್ವ, ಥಯಮಿನ್ ಎಂದು ಔಷಧದ ಅಂಗಡಿಯವರು ಹೇಳುವುದು, ಸುಮಾರು 1.9 ಮಿಲಿಗ್ರಾಂ.

ಇಷ್ಟು ಒಳ್ಳೆಯದನ್ನು ಗಿರಣಿಯವರು ಏಕೆ ತೆಗೆದುಹಾಕುತ್ತಾರೆ? ದುರುದ್ದೇಶವೇನೂ ಇಲ್ಲ. ಬೀಸುವ ಕಲ್ಲಿನಲ್ಲಿ ಗೋಧಿ ಹಾಕಿದರೆ ಕಣ್ಣೂ ಹೊಟ್ಟೂ ಹಿಟ್ಟೂ ಒಂದಾಗಿ ಅರೆದುಹೋಗುತ್ತವೆ. ಹತ್ತೊಂಬತ್ತನೆಯ ಶತಮಾನದಲ್ಲಿ ಹಂಗೆರಿಯ ಕಡೆಯಿಂದ ಉಕ್ಕಿನ ಉರುಳೆಗಳ ಗಿರಣಿ ಬಂತು. 1870, 80ರ ಹೊತ್ತಿಗೆ ಯುರೋಪು ಅಮೆರಿಕಗಳಲ್ಲೆಲ್ಲ ಹಬ್ಬಿತು. ಅದರಲ್ಲಿ ಕಾಳನ್ನು ಮೊದಲು ನೀರು ಚಿಮುಕಿಸಿ ಹದ ಮಾಡುತ್ತಾರೆ. ಗೀರುಳ್ಳ ಉರುಳೆಗಳು ಕಾಳನ್ನು ಸೀಳಿ ಒಳಗಿನ ಬಿಳಿಯನ್ನು ಕೆರೆದು ತೆಗೆಯುತ್ತವೆ. ಮುಂದೆ ನುಣುಪಾದ ಉರುಳೆಗಳ ನಡುವೆ ಬಿಳಿಯ ರವೆ ಪುಡಿಯಾಗುತ್ತದೆ; ಜಿಡ್ಡಿನ ಮೊಳಕೆಗಣ್ಣು ಮಾತ್ರ ಪುಡಿಯಾಗದೆ ಅವಲಕ್ಕಿಯ ಹಾಗೆ ಚಪ್ಪಟೆಯಾಗಿ ಜರಡಿಯ ಮೇಲೆ ಉಳಿಯುತ್ತದೆ. ಹೀಗೆ ಅದನ್ನು ಬೇರ್ಪಡಿಸುವುದು ಬಹಳ ಸುಲಭ. ಬೇರ್ಪಡಿಸದಿದ್ದರೆ ಅದರ ಎಣ್ಣೆ ಕೆಲವು ವಾರಗಳಲ್ಲಿ ಕಮಟು ಹಿಡಿದು ಹಿಟ್ಟನ್ನೆಲ್ಲ ಕೆಡಿಸುತ್ತದೆ. ವ್ಯಾಪಾರಿಗೆ ಬೇಕಾದುದು ತಿಂಗಳುಗಟ್ಟಲೆ ಕೆಡದ ಹಿಟ್ಟು, ಗಿರಾಕಿಗೆ ಬೇಕಾದುದು ಮಲ್ಲಿಗೆಯಂಥ ಬಿಳುಪು. ಇಬ್ಬರ ಇಷ್ಟವೂ ಕೂಡಿ ಮೈದಾ ಹುಟ್ಟಿತು. ಬೇರೆಯಾದ ಕಣ್ಣು ಬಹುಮಟ್ಟಿಗೆ ಬೂಸಾದೊಡನೆ ಸೇರಿ ದನದ ಬಾನಿಗೆ ಹೋಗುತ್ತದೆ. ಕೊಂಚ ಭಾಗ ಪೊಟ್ಟಣ ಸೇರಿ, ಹಿಟ್ಟಿನ ಎಷ್ಟೋ ಪಟ್ಟು ಬೆಲೆಗೆ ದೊಡ್ಡ ಅಂಗಡಿಗಳ ಕಪಾಟನ್ನು ಏರುತ್ತದೆ.

ಇಂಗ್ಲೆಂಡಿನಲ್ಲಿ ರಿಚರ್ಡ್ ಸ್ಮಿತ್ ಎಂಬ ಗಿರಣಿಯವನು ಈ ಕಣ್ಣನ್ನು ಉಪ್ಪಿನೊಡನೆ ಆವಿಯಲ್ಲಿ ಬೇಯಿಸಿದರೆ ಕೆಡುವುದಿಲ್ಲ ಎಂದು ಕಂಡುಕೊಂಡು, 1887ರಲ್ಲಿ ಅದಕ್ಕೆ ಹಕ್ಕುಪತ್ರ ಪಡೆದು, ಬೇಯಿಸಿದ ಕಣ್ಣನ್ನು ಮತ್ತೆ ಹಿಟ್ಟಿಗೆ ಬೆರೆಸಿ ಮಾರಿದನು. ಹೋವಿಸ್ ಎಂಬ ರೊಟ್ಟಿಯ ಹುಟ್ಟು ಹಾಗೆ. ತೆಗೆದುದನ್ನೇ ತಿರುಗಿ ಹಾಕಿ ಹೆಚ್ಚಿನ ಬೆಲೆಗೆ ಮಾರುವ ಜಾಣತನ ಇಂದಿನದಲ್ಲ.

ಇನ್ನು ಈ ವಿಷಯಕ್ಕೂ ನಾವು ಕೂತಿರುವ ಈ ಊರಿಗೂ ಇರುವ ಸಂಬಂಧ ಹೇಳಬೇಕು. ಕಾಳಿನ ಹೊರಭಾಗವನ್ನೂ ಕಣ್ಣನ್ನೂ ಕಳೆದುಕೊಂಡರೆ ಮನುಷ್ಯನಿಗೆ ಏನಾಗುತ್ತದೆ ಎಂಬುದನ್ನು ಲೋಕ ಕಲಿತುದು ಅನ್ನ ಉಣ್ಣುವವರಿಂದ. ಅಕ್ಕಿಗೂ ಗೋಧಿಯಂತೆಯೇ ಕಣ್ಣುಂಟು. ಪಾಲಿಶು ಮಾಡಿದಾಗ ಅದೂ ತೌಡಿನೊಡನೆ ಹೋಗುತ್ತದೆ. ಜಾವಾ ದ್ವೀಪದಲ್ಲಿ ಐಕ್ಮನ್ ಎಂಬ ಡಚ್ ವೈದ್ಯನು 1890ರ ಸುಮಾರಿಗೆ ಸಾಕಿದ್ದ ಕೋಳಿಗಳಿಗೆ ಕಾಲು ಬಿದ್ದುಹೋಯಿತು. ಆಸ್ಪತ್ರೆಯ ಅಡಿಗೆಮನೆಯಲ್ಲಿ ಮಿಕ್ಕ ಬಿಳಿಯ ಅನ್ನವನ್ನು ಅವಕ್ಕೆ ಹಾಕುತ್ತಿದ್ದರು. ಹೊಸದಾಗಿ ಬಂದ ಅಡಿಗೆಯವನು, ಸರಕಾರದ ಸಿಪಾಯಿಗಳ ಅಕ್ಕಿ ಕೋಳಿಗಳಿಗೇಕೆ ಎಂದು ನಿಲ್ಲಿಸಿದನು. ಪಾಲಿಶಿಲ್ಲದ ಅಗ್ಗದ ಅಕ್ಕಿ ಸಿಕ್ಕಿತು, ಕೋಳಿಗಳು ಎದ್ದು ಓಡಾಡಿದವು. ಅಡಿಗೆಯವನ ಜಿಪುಣತನದಿಂದ ಲೋಕಕ್ಕೆ ಇಷ್ಟು ಉಪಕಾರವಾದ ಇನ್ನೊಂದು ಕಥೆ ನನಗೆ ಗೊತ್ತಿಲ್ಲ. ಐಕ್ಮನ್ನನಿಗೆ 1929ರಲ್ಲಿ ನೊಬೆಲ್ ಪಾರಿತೋಷಕ ಬಂತು.

ಆ ರೋಗದ ಹೆಸರು ಬೆರಿಬೆರಿ. ಪಾದ ಜೋಮು ಹಿಡಿಯುವುದು, ಮೀನಖಂಡ ನೋಯುವುದು, ಕಾಲು ಸೋಲುವುದು, ಕೆಲವರಿಗೆ ಮೈ ಬಾತು ಏದುಸಿರು ಬಂದು ಹೃದಯವೇ ನಿಲ್ಲುವುದು. ಹಿಂದಿನ ಮದರಾಸು ಪ್ರಾಂತದಲ್ಲಿ ಇದು ಕಂಡುಬರುತ್ತಿದ್ದುದು ಉತ್ತರ ಸರ್ಕಾರಗಳು ಎಂಬ ತೆಲುಗು ಕರಾವಳಿಯಲ್ಲಿ. ಅಲ್ಲಿಯವರು ಉಣ್ಣುತ್ತಿದ್ದುದು ಗಿರಣಿಯಲ್ಲಿ ಬಿಳುಪು ಮಾಡಿದ ಹಸಿ ಅಕ್ಕಿ. ಅದೇ ಪ್ರಾಂತದಲ್ಲಿ ಕುಸುಬಲಕ್ಕಿ ಉಣ್ಣುವ ಕಡೆ ಈ ರೋಗ ಇರಲಿಲ್ಲ. ಕಾರಣ ಇಷ್ಟೇ: ಬತ್ತವನ್ನು ನೆನೆಸಿ ಬೇಯಿಸುವಾಗ ಹೊರಪದರದ ಬಿ-1 ನೀರಿನಲ್ಲಿ ಕರಗಿ ಕಾಳಿನ ಒಳಕ್ಕೆ ಇಳಿಯುತ್ತದೆ. ಆಮೇಲೆ ಪಾಲಿಶು ಮಾಡಿದರೂ ಬಹುಪಾಲು ಉಳಿಯುತ್ತದೆ. ಈ ವಿಷಯವನ್ನು ಶೋಧಿಸಿದವರಲ್ಲಿ ನೀಲಗಿರಿಯ ಕೂನೂರಿನಲ್ಲಿ ಪ್ರಯೋಗಶಾಲೆ ನಡೆಸಿದ ಮ್ಯಾಕ್ಕರಿಸನ್ ಮತ್ತು ಅವರ ಜೊತೆಗಾರರೂ ಸೇರಿದ್ದಾರೆ. ಆ ಪ್ರಯೋಗಶಾಲೆಯೇ 1958ರಲ್ಲಿ ಹೈದರಾಬಾದಿಗೆ ಹೋಗಿ, ಮುಂದೆ ರಾಷ್ಟ್ರೀಯ ಪೋಷಣಾ ಸಂಸ್ಥೆಯಾಯಿತು. ಬಿ-1ರ ರಚನೆಯನ್ನು ಬಿಡಿಸಿ 1936ರಲ್ಲಿ ಪ್ರಯೋಗಶಾಲೆಯಲ್ಲೇ ಅದನ್ನು ತಯಾರಿಸಿದ ರಾಬರ್ಟ್ ವಿಲಿಯಮ್ಸ್ ಅಮೆರಿಕದವರಾದರೂ, ಹುಟ್ಟಿದುದು 1886ರಲ್ಲಿ ಇಲ್ಲಿಗೆ ಹತ್ತಿರದ ನೆಲ್ಲೂರಿನಲ್ಲಿ. ಸಣ್ಣಕ್ಕಿಗೆ ಹೆಸರಾದ ಊರಿನಲ್ಲಿ!

ಮ್ಯಾಕ್ಕರಿಸನ್ ಅವರ ಇನ್ನೊಂದು ಪ್ರಯೋಗ ನಮ್ಮ ಹೆಸರನ್ನೇ ಹೇಳುತ್ತದೆ. 1920ರ ದಶಕದಲ್ಲಿ ಅವರು ಒಂದೇ ವಯಸ್ಸಿನ ಇಲಿಮರಿಗಳನ್ನು ಏಳು ಗುಂಪು ಮಾಡಿ, ದೇಶದ ಏಳು ಬಗೆಯ ಜನರ ಊಟವನ್ನು ಒಂದೊಂದು ಗುಂಪಿಗೆ ಹಾಕಿದರು. ಸಿಖ್ಖರದು, ಪಠಾಣರದು, ಮರಾಠರದು, ಗೂರ್ಖರದು, ಕನ್ನಡಿಗರದು, ಬಂಗಾಳಿಗಳದು, ಮದರಾಸಿನವರದು. ಕೊನೆಯಲ್ಲಿ ತೂಕ ನೋಡಿದರು. ಸಿಖ್ಖರ ಊಟದ ಇಲಿ ಸರಾಸರಿ 235 ಗ್ರಾಂ. ಮದರಾಸಿನ ಊಟದ್ದು 155. ಕನ್ನಡಿಗರ ಊಟದ್ದು 185, ಕೆಳಗಿನಿಂದ ಮೂರನೆಯದು. ಸಿಖ್ಖರ ಊಟದಲ್ಲಿ ಇದ್ದುದು ಜರಡಿ ಹಿಡಿಯದ ಗೋಧಿಯ ಚಪಾತಿ. ಅದರ ಜೊತೆಗೆ ಬೆಣ್ಣೆ, ಹಾಲು, ಬೇಳೆ, ಹಸಿ ತರಕಾರಿ, ಎಂದಾದರೊಮ್ಮೆ ಮಾಂಸ. ಎಲ್ಲ ಹೆಗ್ಗಳಿಕೆಯನ್ನೂ ಗೋಧಿಯ ಕಣ್ಣಿಗೇ ಕೊಡುವುದು ತಪ್ಪು. ಹಾಲಿನ ಪಾಲು ದೊಡ್ಡದು. ಇಲಿಯ ತೂಕದಿಂದ ಮನುಷ್ಯನ ಯೋಗ್ಯತೆಯನ್ನು ಅಳೆಯುವುದೂ ಸಲ್ಲ. ಆದರೂ ನಮ್ಮ ಎಲೆಯ ಮೇಲೆ ಅನ್ನದ ಗುಡ್ಡ ಎತ್ತರವಾಗಿ, ಉಳಿದುದೆಲ್ಲ ಅಂಚಿಗೆ ಸರಿದುದನ್ನು ನೂರು ವರ್ಷದ ಹಿಂದೆಯೇ ಒಬ್ಬರು ತಕ್ಕಡಿಯಲ್ಲಿಟ್ಟು ತೋರಿಸಿದ್ದಾರೆ.

ಇದೆಲ್ಲ ಹಳೆಯ ಕಥೆ ಎಂದುಕೊಳ್ಳಬೇಡಿರಿ. ಈಚಿನ ವರ್ಷಗಳಲ್ಲಿ ಬೆಂಗಳೂರಿನ ಹೃದ್ರೋಗ ವೈದ್ಯರು ಒಂದು ವಿಷಯ ಬರೆದು ಪ್ರಕಟಿಸಿದ್ದಾರೆ. ತಾಯಿಯ ಹಾಲನ್ನೇ ಕುಡಿಯುವ ಎಳೆಗೂಸುಗಳು ಇದ್ದಕ್ಕಿದ್ದಂತೆ ಏದುಸಿರು ಬಿಡುತ್ತ ಆಸ್ಪತ್ರೆಗೆ ಬಂದವು. ಹೃದಯದ ಬಲಭಾಗ ಉಬ್ಬಿಕೊಂಡಿತ್ತು. ಬಿ-1 ಚುಚ್ಚಿದ ಮೇಲೆ ಬೇಗನೆ ಚೇತರಿಸಿಕೊಂಡವು. ತಾಯಂದಿರನ್ನು ವಿಚಾರಿಸಿದರೆ, ಬಿಳಿಯ ಅಕ್ಕಿಯ ಅನ್ನ ಮತ್ತು ಬಾಣಂತಿ ಪಥ್ಯ. ಬೇಳೆ ವಾಯು, ಸೊಪ್ಪು ಶೀತ, ಕಾಳು ಬೇಡ ಎಂದು ಎಲ್ಲವನ್ನೂ ಬಿಡಿಸಿ, ಬಿಳಿ ಅನ್ನಕ್ಕೆ ಮೆಣಸಿನ ಸಾರು ಹಾಕಿ ಕೊಡುತ್ತೇವಲ್ಲ, ಅದು. ತಾಯಿಯ ಹಾಲಿನಲ್ಲಿ ಇಲ್ಲದುದು ಮಗುವಿಗೆ ಎಲ್ಲಿಂದ ಬರಬೇಕು? ಇಲ್ಲಿ ಕೂತಿರುವ ಅನೇಕರ ಹೆಂಡತಿಯರೂ ಸೊಸೆಯಂದಿರೂ ಹೆರಿಗೆಗೆ ಊರಿಗೆ ಹೋಗುತ್ತಾರೆ. ಈ ಭಾಷಣದಲ್ಲಿ ಒಂದೇ ಮಾತನ್ನು ಊರಿಗೆ ಫೋನು ಮಾಡಿ ಹೇಳುವುದಾದರೆ ಇದನ್ನು ಹೇಳಿರಿ: ಬಾಣಂತಿಗೆ ಬೇಳೆ, ಕಾಳು, ಕುಸುಬಲಕ್ಕಿ, ರಾಗಿ, ಗೋಧಿ ಬಿಡಿಸಬೇಡಿರಿ. ಕೂಸು ಏದುಸಿರು ಬಿಟ್ಟರೆ ಮನೆಮದ್ದು ಮಾಡುತ್ತ ಕೂರದೆ ಆ ಗಳಿಗೆಯಲ್ಲೇ ದೊಡ್ಡ ಆಸ್ಪತ್ರೆಗೆ ಒಯ್ಯಿರಿ.

ಈಗ ನಮ್ಮ ಊಟ. ಈ ವಾಚನಾಲಯಕ್ಕೆ ಬರುವವರಲ್ಲಿ ಹೋಟೆಲಿನ ಕೆಲಸದವರುಂಟು, ಕಟ್ಟಡದ ಕೆಲಸದವರುಂಟು, ಬ್ಯಾಂಕು ಕಚೇರಿಗಳ ಗುಮಾಸ್ತರುಂಟು. ಊರಿಗೆ ಹಣ ಕಳಿಸುವ ಸಲುವಾಗಿ ಮೊದಲು ಕಡಿತ ಬೀಳುವುದು ತಮ್ಮ ಹೊಟ್ಟೆಗೇ. ಬೆಳಗ್ಗೆ ಟೀ ಮತ್ತು ಬನ್ನು, ಮಧ್ಯಾಹ್ನ ಬಿಳಿ ಅನ್ನ, ರಾತ್ರಿ ನಾಲ್ಕು ಪರೋಟ. ಬನ್ನೂ ಮೈದಾ, ಪರೋಟವೂ ಮೈದಾ. ಹೊಟ್ಟೆ ತುಂಬುತ್ತದೆ, ಅಗ್ಗವಾಗಿಯೂ ತುಂಬುತ್ತದೆ, ಅದನ್ನು ಅಲ್ಲಗಳೆಯುವಂತಿಲ್ಲ. ಲೆಕ್ಕ ಮಾತ್ರ ಕೇಳಿರಿ. ಗಂಡಾಳಿಗೆ ದಿನಕ್ಕೆ ಬಿ-1 ಸುಮಾರು 1.4 ಮಿಲಿಗ್ರಾಂ ಬೇಕು, ಮೈಮುರಿದು ದುಡಿಯುವವನಿಗೆ ಇನ್ನೂ ಹೆಚ್ಚು. ಹೈದರಾಬಾದಿನ ಸಂಸ್ಥೆಯ ಹಳೆಯ ಕೋಷ್ಟಕದ ಪ್ರಕಾರ ನೂರು ಗ್ರಾಂ ಹಸಿ ಬಿಳಿ ಅಕ್ಕಿಯಲ್ಲಿ ಇರುವುದು 0.06, ಮೈದಾದಲ್ಲಿ 0.12. ಗಿರಣಿಯ ಕುಸುಬಲಕ್ಕಿಯಲ್ಲಿ 0.21, ರಾಗಿಯಲ್ಲಿ 0.42, ಪೂರ್ತಿ ಗೋಧಿಹಿಟ್ಟಿನಲ್ಲಿ 0.49. ಮುನ್ನೂರು ಗ್ರಾಂ ಬಿಳಿ ಅಕ್ಕಿ, ಇನ್ನೂರು ಗ್ರಾಂ ಮೈದಾ ತಿಂದವನಿಗೆ ಎರಡೂ ಸೇರಿ ಅರ್ಧ ಮಿಲಿಗ್ರಾಮೂ ಆಗದು. ಅದರಲ್ಲೂ ಅಕ್ಕಿಯನ್ನು ನಾಲ್ಕು ಸಲ ತಿಕ್ಕಿ ತೊಳೆದು, ಗಂಜಿ ಬಸಿದು ಚೆಲ್ಲಿದರೆ ಇದ್ದುದೂ ನೀರುಪಾಲು. ಬೇಳೆ, ಕಾಳು, ಶೇಂಗಾ ಇವುಗಳಿಂದ ಉಳಿದುದು ತುಂಬಬೇಕು. ಹೋಟೆಲಿನ ಸಾಂಬಾರು ಎಷ್ಟು ತೆಳ್ಳಗಿರುತ್ತದೆಂಬುದು ಬಡಿಸುವ ತಮಗೇ ಗೊತ್ತು!

ಇದರ ಮೇಲೆ ಕುಡಿತ ಸೇರಿದರೆ ವಿಷಯ ಬಹಳ ಕೆಡುತ್ತದೆ. ಮದ್ಯ ಬಿ-1 ರಕ್ತಕ್ಕೆ ಸೇರುವುದನ್ನೇ ತಡೆಯುತ್ತದೆ. ಕುಡಿದು ಊಟ ಬಿಡುವ ಅಭ್ಯಾಸದವರಿಗೆ ಕಣ್ಣು ಓಲಾಡಿ, ನಡೆ ತಪ್ಪಿ, ನೆನಪೇ ಅಳಿಸಿಹೋಗುವ ಸ್ಥಿತಿ ಬರಬಹುದು. ಅಂಥವರನ್ನು ಆಸ್ಪತ್ರೆಗೆ ಸೇರಿಸಿದೊಡನೆ ವೈದ್ಯರು ಬಿ-1 ಚುಚ್ಚುವುದು ಇದಕ್ಕಾಗಿಯೇ. ಜೊತೆಯ ಕೋಣೆಯವರಲ್ಲಿ ಹೀಗಾದುದನ್ನು ಕಂಡರೆ “ಇನ್ನೂ ಇಳಿದಿಲ್ಲ” ಎಂದು ನಕ್ಕು ಸುಮ್ಮನಿರಬೇಡಿರಿ. ಇಲ್ಲೇ ಪೂನಮಲ್ಲಿ ಹೆದ್ದಾರಿಯಲ್ಲಿ ಕೀಲ್ಪಾಕ್ ಮೆಡಿಕಲ್ ಕಾಲೇಜಿನ ಸರಕಾರಿ ಆಸ್ಪತ್ರೆ ಇದೆ, ಕರೆದೊಯ್ಯಿರಿ.

ಊರಿನಿಂದ ಬರುವಾಗ ನಾವು ಒಳ್ಳೆಯ ಅಭ್ಯಾಸಗಳನ್ನೇ ತಂದಿದ್ದೆವು ಎಂಬುದು ನನ್ನ ಅಭಿಪ್ರಾಯ. ದಕ್ಷಿಣ ಕನ್ನಡದವರು ಕುಚ್ಚಲಕ್ಕಿ ಉಂಡು ಬೆಳೆದವರು. ಪಟ್ಟಣಕ್ಕೆ ಬಂದ ಮೇಲೆ ಅದು ಹಳ್ಳಿಯ ಊಟವೆಂದು ನಾಚಿ ಬೆಳ್ತಿಗೆಗೆ ತಿರುಗಿದವರನ್ನು ಕಂಡಿದ್ದೇನೆ. ಇಲ್ಲಿಯ ಅಂಗಡಿಯಲ್ಲಿ ‘ಪುಳುಂಗಲ್ ಅರಿಸಿ’ ಎಂದು ಕೇಳಿರಿ, ಸಿಗುತ್ತದೆ. ಮೈಸೂರು, ತುಮಕೂರು, ಕೋಲಾರದ ಕಡೆಯವರಿಗೆ ರಾಗಿ ಇದೆ. ಅದರ ಕಾಳು ಎಷ್ಟು ಸಣ್ಣದೆಂದರೆ ಸಾಮಾನ್ಯವಾಗಿ ಕಣ್ಣೂ ಹೊಟ್ಟೂ ಸೇರಿಯೇ ಹಿಟ್ಟಾಗುತ್ತದೆ. ಅಷ್ಟರಿಂದಲೇ ನಮ್ಮ ಹಿರಿಯರು ಬಚಾವಾದರು. ಸುಣ್ಣದ ಅಂಶ ನೂರು ಗ್ರಾಮಿಗೆ 344 ಮಿಲಿಗ್ರಾಂ, ಬೇರೆ ಯಾವ ಧಾನ್ಯವೂ ಹತ್ತಿರ ಸುಳಿಯದು. ಬೆಳಗಾವಿ, ಧಾರವಾಡ, ಬಿಜಾಪುರದ ಕಡೆಯವರಿಗೆ ಜವೆಗೋಧಿಯ ಹುಗ್ಗಿ, ಮಾದಲಿ ಗೊತ್ತು. ಆ ಗೋಧಿಯ ರವೆ ಇಲ್ಲಿ ‘ಸಾಂಬಾ ಗೋಧಿ’ ಎಂಬ ಹೆಸರಿನಲ್ಲಿ ಬಹಳ ಅಂಗಡಿಗಳಲ್ಲಿ ಉಂಟು. ಹೆಸರು ಗೊತ್ತಿಲ್ಲದೆ ನಮ್ಮವರು ಅದರ ಮುಂದೆಯೇ ನಿಂತು, ಜವೆಗೋಧಿ ಸಿಗುವುದಿಲ್ಲವೆಂದು ಮರುಗುತ್ತಾರೆ. ಆದರೆ ಗೋಧಿಯ ಹಾಲು ಹಿಂಡಿ ಸಂಡಿಗೆಯನ್ನೋ ಹಲ್ವವನ್ನೋ ಮಾಡುವಾಗ ಚೆಲ್ಲುವ ಚರಟದಲ್ಲಿ ಕಣ್ಣೂ ಹೊಟ್ಟೂ ಹೋಗುತ್ತವೆ. ಹಲ್ವ ನಾಲಗೆಗೆ, ಚರಟ ಹಸುವಿಗೆ. ಹಬ್ಬಕ್ಕೊಮ್ಮೆ ಆಗಲಿ, ಬೇಡವೆನ್ನುವುದಿಲ್ಲ.

ಪೊಟ್ಟಣದ ಮೊಳಕೆಗಣ್ಣಿಗೆ ಬರುತ್ತೇನೆ. ಕೊಳ್ಳಬೇಕೆ, ಬೇಡವೆ? ಎರಡು ದೊಡ್ಡ ಚಮಚ ಎಂದರೆ ಸುಮಾರು 15 ಗ್ರಾಂ. ಅದರಲ್ಲಿ ಸಸಾರಜನಕ ಮೂರೂವರೆ ಗ್ರಾಂ, ಅರ್ಧ ಮೊಟ್ಟೆಗಿಂತ ತುಸು ಹೆಚ್ಚು. ಬಿ-1 ಸುಮಾರು 0.28 ಮಿಲಿಗ್ರಾಂ, ದಿನದ ಅಗತ್ಯದ ಐದರಲ್ಲೊಂದು ಪಾಲು. ಸತು, ಫೋಲಿಕ್ ಆಮ್ಲ, ಇ ಜೀವಸತ್ವ ಇವೂ ತಕ್ಕಮಟ್ಟಿಗೆ ಉಂಟು. ಎರಡು ಚಮಚಕ್ಕೆ ಇದು ಕಡಿಮೆಯ ಮಾತಲ್ಲ. ಇದರ ಪಕ್ಕದಲ್ಲಿ ಇನ್ನೊಂದು ಲೆಕ್ಕ ಇಡುತ್ತೇನೆ. ಇನ್ನೂರು ಗ್ರಾಂ ಮೈದಾದ ಬದಲು ಇನ್ನೂರು ಗ್ರಾಂ ಪೂರ್ತಿ ಗೋಧಿಹಿಟ್ಟು, ಎಂದರೆ ಆರೇಳು ಚಪಾತಿ, ತಿಂದರೆ ಬಿ-1 0.24ರಿಂದ 0.98ಕ್ಕೆ ಏರುತ್ತದೆ. ಹೆಚ್ಚಿದುದು 0.74. ಪೊಟ್ಟಣದ ಐದು ಚಮಚಕ್ಕೆ ಸಮ! ಅದೂ ಹಿಟ್ಟಿನ ಬೆಲೆಗೇ. ಆದುದರಿಂದ ಮನೆಯಲ್ಲಿ ಒಲೆ ಇದ್ದವರಿಗೆ ನಾನು ಪೊಟ್ಟಣವನ್ನು ಶಿಫಾರಸು ಮಾಡುವುದಿಲ್ಲ. ಒಳ್ಳೆಯ ಗೋಧಿ ಕೊಂಡು ಬಿಸಿಲಿಗೆ ಹಾಕಿ, ಬೀದಿಯ ಹಿಟ್ಟಿನ ಗಿರಣಿಯಲ್ಲಿ, ಇಲ್ಲಿ ‘ಮಾವು ಮಿಲ್’ ಎನ್ನುತ್ತಾರಲ್ಲ, ಹದಿನೈದು ದಿನಕ್ಕೆ ಸಾಕಾಗುವಷ್ಟು ಬೀಸಿಸಿರಿ. ಮನೆಗೆ ತಂದು ಜರಡಿ ಹಿಡಿಯಬೇಡಿರಿ. ಹೊಟ್ಟಿಗೆ ಅಂಟಿ ಕಣ್ಣಿನ ಚೂರುಗಳೂ ಹೋಗುತ್ತವೆ. ಒರಟು ಚಪಾತಿ ಮಕ್ಕಳಿಗೆ ಸೇರದಿದ್ದರೆ ಹಿಟ್ಟನ್ನು ತುಸು ಹೆಚ್ಚು ನೀರಿನಲ್ಲಿ ಕಲಸಿ ಅರ್ಧ ಗಂಟೆ ನೆನೆಯಲು ಬಿಡಿರಿ, ಮೆತ್ತಗಾಗುತ್ತದೆ. ಅಂಗಡಿಯ ಆಟ್ಟಾ ಕೊಳ್ಳುವವರು ಪೊಟ್ಟಣದ ಹಿಂಭಾಗ ಓದಿರಿ. ಪೂರ್ತಿ ಗೋಧಿ ಎಂದು ಇದ್ದರೆ ಸರಿ, ಮೈದಾ ಬೆರೆತಿದ್ದರೆ ಹಣ ದಂಡ.

ಪೊಟ್ಟಣ ನಿಜವಾಗಿ ಉಪಯೋಗಕ್ಕೆ ಬರುವುದು ಮೆಸ್ಸಿನಲ್ಲೋ ಹೋಟೆಲಿನಲ್ಲೋ ಉಣ್ಣುವವರಿಗೆ. ಅಲ್ಲಿ ಹಿಟ್ಟು ಅಕ್ಕಿಗಳ ಆಯ್ಕೆ ನಮ್ಮ ಕೈಯಲ್ಲಿಲ್ಲ. ಒಲೆ ಇಲ್ಲದ ಕೋಣೆಯಲ್ಲಿ ಇರುವ ಒಂಟಿ ಮನುಷ್ಯನು ಒಂದು ಪುಟ್ಟ ಡಬ್ಬಿಯನ್ನು ಊಟದ ಚೀಲದಲ್ಲಿಟ್ಟುಕೊಂಡು ಹೋಗಬಹುದು. ಮೊಸರನ್ನಕ್ಕೆ ಒಂದು ಚಮಚ, ಬೆಳಗ್ಗೆಯ ಉಪ್ಪಿಟ್ಟಿಗೋ ಪೊಂಗಲಿಗೋ ಮೇಲಿನಿಂದ ಒಂದು ಚಮಚ. ರುಚಿ ಹುರಿದ ಕಡಲೆಕಾಯಿಯ ಹತ್ತಿರ ಹತ್ತಿರ ಇರುತ್ತದೆ. ಬಾಳೆಹಣ್ಣನ್ನು ಹಿಸುಕಿ ಅದರೊಡನೆ ಕಲಸಿದರೆ ಸಂಜೆಯ ಬನ್ನಿನ ಹಂಗು ತಪ್ಪುತ್ತದೆ.

ಹಸಿಯಾಗಿ ಬರುವ ಮೊಳಕೆಗಣ್ಣನ್ನು ಮೊದಲು ಹುರಿಯಬೇಕು. ದಪ್ಪ ತಳದ ಬಾಣಲೆಯಲ್ಲಿ, ಎಣ್ಣೆಯಿಲ್ಲದೆ, ಸಣ್ಣ ಉರಿಯಲ್ಲಿ ಕೈಬಿಡದೆ ಆಡಿಸುತ್ತ, ಹಸಿವಾಸನೆ ಹೋಗಿ ಘಮ್ಮೆನ್ನುವ ತನಕ. ಕೆಂಪಗಾದರೆ ಸಾಕು, ಕಪ್ಪಾಗಬಾರದು. ಇದರಿಂದ ಬಿ-1 ಸ್ವಲ್ಪ ನಷ್ಟವಾದರೂ ಎಣ್ಣೆಯನ್ನು ಕೆಡಿಸುವ ಅಂಶ ಅಡಗುತ್ತದೆ, ಹೆಚ್ಚು ದಿನ ಬಾಳುತ್ತದೆ. ಪೂರಾ ಆರಿದ ಮೇಲೆ ಗಾಳಿಯಾಡದ ಡಬ್ಬಿಗೆ ತುಂಬಿರಿ. ತಂಗಳಪೆಟ್ಟಿಗೆ ಇದ್ದವರು ಅದರಲ್ಲಿ ಇಡಲಿ. ಇಲ್ಲದವರು ಈ ಊರಿನ ಸೆಕೆಯಲ್ಲಿ ಹತ್ತು ಹದಿನೈದು ದಿನಕ್ಕೆ ಆಗುವಷ್ಟನ್ನೇ ಕೊಳ್ಳಲಿ. ದೊಡ್ಡ ಪೊಟ್ಟಣ ಅಗ್ಗವೆಂದು ತರಬಾರದು. ಕಹಿಯಾದರೆ, ಹಳೆಯ ಎಣ್ಣೆಯ ಕಮಟು ಬಂದರೆ ಚೆಲ್ಲಿಬಿಡಿರಿ.

ಅಡಿಗೆ ಮಾಡುವವರಿಗೆ ನಮ್ಮದೇ ದಾರಿಗಳುಂಟು. ಚಟ್ನಿಪುಡಿಯಷ್ಟು ತಕ್ಕ ಜಾಗ ಇದಕ್ಕೆ ಬೇರೆ ಇಲ್ಲ. ಶೇಂಗಾ ಅಥವಾ ಗುರೆಳ್ಳಿನ ಪುಡಿ ಮಾಡುವಾಗ ಮೂರರಲ್ಲಿ ಒಂದು ಪಾಲು ಹುರಿದ ಮೊಳಕೆಗಣ್ಣು ಹಾಕಿ, ಬೆಳ್ಳುಳ್ಳಿ, ಒಣಮೆಣಸಿನಕಾಯಿ, ಹುಣಿಸೆ, ಉಪ್ಪು ಸೇರಿಸಿ ಕುಟ್ಟಿರಿ. ಬಿಸಿ ಅನ್ನಕ್ಕೂ ರೊಟ್ಟಿಗೂ ದೋಸೆಗೂ ಆಗುತ್ತದೆ, ಮನೆಯವರಿಗೆ ಗೊತ್ತೂ ಆಗುವುದಿಲ್ಲ. ರಾಗಿ ಅಂಬಲಿ ಆರಿದ ಮೇಲೆ ಮಜ್ಜಿಗೆಯೊಡನೆ ಒಂದು ಚಮಚ. ದೋಸೆಯ ಹಿಟ್ಟಿಗೆ ಹಾಕುವುದಾದರೆ ರಾತ್ರಿಯೇ ಹಾಕಿರಿ. ಹುಳಿ ಬಂದಾಗ ಕಬ್ಬಿಣಾಂಶವನ್ನು ಹಿಡಿದಿಡುವ ಆಮ್ಲವೊಂದು ಒಡೆಯುತ್ತದೆ. ಆದರೆ ಅಡಿಗೆ ಸೋಡಾ ಮುಟ್ಟಬೇಡಿರಿ. ಬೇಳೆ ಬೇಗ ಬೇಯಲಿ, ದೋಸೆ ಉಬ್ಬಲಿ ಎಂದು ಒಂದು ಚಿಟಿಕೆ ಹಾಕುವ ಅಭ್ಯಾಸ ಹೋಟೆಲುಗಳಲ್ಲಿ ಉಂಟು. ಸೋಡಾ ಬಿದ್ದ ಕಡೆ ಬಿ-1 ನಿಲ್ಲುವುದಿಲ್ಲ. ಅಷ್ಟು ಕಷ್ಟಪಟ್ಟು ಉಳಿಸಿಕೊಂಡುದನ್ನು ಒಂದು ಚಿಟಿಕೆಯಲ್ಲಿ ಕಳೆದಂತೆ.

ಇನ್ನು ಡಬ್ಬಿಗಳ ಮೇಲಿನ ಜಾಹೀರಾತು. ಯೌವನ ಬರುತ್ತದೆ, ಸಂತಾನವಾಗುತ್ತದೆ, ಹೃದಯಕ್ಕೆ ಕವಚ ಎಂದೆಲ್ಲ. ಇದರ ಮೂಲವೂ ಇಲಿಯೇ. 1922ರಲ್ಲಿ ಅಮೆರಿಕದ ಇವಾನ್ಸ್ ಮತ್ತು ಕ್ಯಾಥರಿನ್ ಬಿಷಪ್ ಎಂಬವರು, ಒಂದು ಬಗೆಯ ಆಹಾರ ತಿಂದ ಇಲಿಗಳಿಗೆ ಗರ್ಭ ನಿಲ್ಲದೆ ಹೋದುದನ್ನೂ, ಹಸಿ ಸೊಪ್ಪು ಕೊಟ್ಟರೆ ನಿಲ್ಲುವುದನ್ನೂ ಕಂಡರು. ಮೊಳಕೆಗಣ್ಣಿನಿಂದಲೂ ಅದೇ ಗುಣವೆಂದು ತಿಳಿಯಿತು. ಆ ವಸ್ತುವೇ ಇ ಜೀವಸತ್ವ; 1936ರಲ್ಲಿ ಗೋಧಿಯ ಮೊಳಕೆಗಣ್ಣಿನ ಎಣ್ಣೆಯಿಂದಲೇ ಅದನ್ನು ಶುದ್ಧವಾಗಿ ತೆಗೆದರು. ಇಲಿಗೆ ನಿಜವಾದುದು ಮನುಷ್ಯನಿಗೆ ಹಾಗೆಯೇ ಸಿದ್ಧವಾಗಲಿಲ್ಲ. ಇ ಜೀವಸತ್ವದ ಗುಳಿಗೆಗಳನ್ನು ಬಹಳ ಜನರಿಗೆ ವರ್ಷಗಟ್ಟಲೆ ಕೊಟ್ಟು ನೋಡಿದರೂ ಹೃದ್ರೋಗ ತಪ್ಪಲಿಲ್ಲ. ಊಟದಲ್ಲಿ ಇರಲಿ, ಅದರ ಎಣ್ಣೆಯ ಗುಳಿಗೆಗೆ ಸಂಬಳ ಸುರಿಯಬೇಕಾಗಿಲ್ಲ.

ಮಕ್ಕಳಾಗದವರು ವೈದ್ಯರ ಬಳಿಗೆ ಹೋಗಲಿ, ಗಂಡಹೆಂಡಿರು ಇಬ್ಬರೂ ಹೋಗಲಿ. ಸಕ್ಕರೆ ಕಾಯಿಲೆಯವರು ಇದನ್ನು ನಂಬಿ ಮಾತ್ರೆ ಬಿಡಬಾರದು. ಅಂಗಾಲು ಉರಿ, ಜೋಮು ಎಂದೊಡನೆ ಬಿ-1 ಕಡಿಮೆ ಎಂದು ತಾವೇ ತೀರ್ಮಾನಿಸಬಾರದು. ಸಕ್ಕರೆಯಿಂದಲೂ ಆಗುತ್ತದೆ, ಬಿ-12ರ ಕೊರತೆಯಿಂದಲೂ ಆಗುತ್ತದೆ, ರಕ್ತ ಪರೀಕ್ಷೆಯಿಂದಲೇ ತಿಳಿಯಬೇಕು. ಗೋಧಿಯೇ ಹಿಡಿಸದವರುಂಟು, ತಿಂದರೆ ಹೊಟ್ಟೆ ಉಬ್ಬರಿಸಿ ಭೇದಿಯಾಗಿ ಮೈ ಇಳಿಯುವವರು. ಅವರಿಗೆ ಇದು ವಿಷವೇ.

ಭಾಷಣದ ಕೊನೆಗೆ ಬಂದ ಪ್ರಶ್ನೆಗಳಿಗೆ ಕೊಟ್ಟ ಉತ್ತರವನ್ನೂ ಇಲ್ಲಿ ಸೇರಿಸಬೇಕೆಂದು ಕಾರ್ಯದರ್ಶಿಗಳ ಅಪೇಕ್ಷೆ. ಅಮ್ಮನವರೊಬ್ಬರು ಕೂಸಿಗೆ ಕೊಡಬಹುದೇ ಎಂದು ಕೇಳಿದರು. ಆರು ತಿಂಗಳ ತನಕ ತಾಯಿಯ ಹಾಲೇ. ಆಮೇಲೆ ಗೋಧಿ ಗಂಜಿ ಅರಗಿಸಿಕೊಳ್ಳುವ ಮಗುವಿಗೆ ಅದರಲ್ಲೇ ಅರ್ಧ ಚಮಚ, ನುಣ್ಣಗೆ ಪುಡಿ ಮಾಡಿ. ಹೋಟೆಲಿನ ತಮ್ಮನೊಬ್ಬನು, ರಾತ್ರಿ ಹನ್ನೊಂದಕ್ಕೆ ಬಾಗಿಲು ಹಾಕಿದ ಮೇಲೆ ಉಳಿದ ಅನ್ನವೇ ನಮ್ಮ ಊಟ, ಏನು ಮಾಡಲಿ ಎಂದನು. ಇಡ್ಲಿಗೆ ನೆನೆಹಾಕುವುದು ಕುಸುಬಲಕ್ಕಿ, ಅದರ ಜೊತೆಗೆ ಉದ್ದಿನಬೇಳೆ. ಆದುದರಿಂದ ಬೆಳಗ್ಗೆ ಬನ್ನನ್ನು ಬಿಟ್ಟು ತಾನೇ ಬಡಿಸುವ ಇಡ್ಲಿಯನ್ನು ತಿನ್ನಲಿ. ರಾತ್ರಿ ಅನ್ನದ ಜೊತೆ ಸಾಂಬಾರಿನ ತಿಳಿಯನ್ನಲ್ಲ, ತಳದ ಬೇಳೆಯನ್ನು ಕೇಳಿ ಹಾಕಿಸಿಕೊಳ್ಳಲಿ ಎಂದೆ. ಒಂದು ಹಿಡಿ ಹುರಿಗಡಲೆ ಜೇಬಿನಲ್ಲಿರಲಿ. ಇನ್ನೊಬ್ಬರು ಗಿರಣಿಯವನು ಹಿಂದಿನ ಗಿರಾಕಿಯ ಹಿಟ್ಟು ಬೆರೆಸುತ್ತಾನೆಂದು ದೂರಿದರು. ಬೆಳಗ್ಗೆ ಮೊದಲನೆಯವರಾಗಿ ಹೋಗಿರಿ. ಅಥವಾ ಅಕ್ಕಪಕ್ಕದ ನಾಲ್ಕು ಮನೆಯವರು ಸೇರಿ ಒಟ್ಟಿಗೆ ಹತ್ತು ಕಿಲೋ ಬೀಸಿಸಿ ಹಂಚಿಕೊಳ್ಳಿರಿ. ಮೊದಲ ಹಿಡಿ ಹಿಟ್ಟನ್ನು ಬೇರೆ ತೆಗೆದಿಡಲು ಹೇಳಿರಿ, ಕೇಳಿದರೆ ತೆಗೆದಿಡುತ್ತಾನೆ.